ಗುಂಟೆ, ಎತ್ತು, ಸರ್ವೇ ನಂಬರ್

ಒಂದು ಗುಂಟೆಗೆ 1,089 ಚದರ ಅಡಿ. ಈ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಗೊತ್ತಾ? 33 ಅಡಿ ಉದ್ದ, 33 ಅಡಿ ಅಗಲ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ 66 ಅಡಿ ಸರಪಳಿಯ ಸರಿಯಾಗಿ ಅರ್ಧ. ಇಂಜಿನಿಯರಿಂಗ್ ಓದುವಾಗ ಆ ಸರಪಳಿಯ ಹೆಸರು ಬಾಯಿಪಾಠ ಮಾಡಿದ್ದೆ. ಅದು ನಮ್ಮ ಪಹಣಿಯೊಳಗೇ ಕೂತಿದೆ ಅಂತ ಯಾರೂ ಹೇಳಿರಲಿಲ್ಲ.

ಪುಣೆ ಸೀಮೆಯಲ್ಲಿ ಕಂಪನಿ ಸರ್ಕಾರದ ಪ್ರಿಂಗಲ್ ಎಂಬ ಅಧಿಕಾರಿ ಮೊದಲು ಅಳತೆ ಮಾಡಿಸಿದ. ಕಂದಾಯ ಎಷ್ಟು ಜಾಸ್ತಿಯಾಯಿತೆಂದರೆ ರೈತರು ಹೊಲ ಬಿಟ್ಟೇ ಹೋದರು. ಆಮೇಲೆ 1835ರಲ್ಲಿ ಇಂದಾಪುರಕ್ಕೆ ಬಂದವರು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್. ವಿಂಗೇಟ್ ಸೇನೆಯ ಇಂಜಿನಿಯರ್. ಇವರ ಪದ್ಧತಿಯಲ್ಲಿ ಹೊಲ ಅಗೆದು ಮಣ್ಣಿನ ಆಳ ನೋಡುತ್ತಿದ್ದರು, ಬಣ್ಣ ನೋಡುತ್ತಿದ್ದರು, ಕಲ್ಲು, ಸುಣ್ಣ, ಇಳಿಜಾರು ಇದ್ದರೆ ದರ್ಜೆ ಇಳಿಸುತ್ತಿದ್ದರು. ಒಳ್ಳೇ ಮಣ್ಣಿಗೆ ಹದಿನಾರಾಣೆ! ಆ ದರ 30 ವರ್ಷ ಖಾಯಂ. ಇಷ್ಟರಮಟ್ಟಿಗೆ ನಾನು ಮೆಚ್ಚಿದೆ.

ಎಡವಟ್ಟು ಇರೋದು ಹೊಲದ ವಿಂಗಡಣೆಯಲ್ಲಿ. ಒಂದು ಜೊತೆ ಎತ್ತು ಉಳಬಹುದಾದಷ್ಟು ನೆಲ ಒಂದು ಸರ್ವೇ ನಂಬರ್. ಹಗುರ ಮಣ್ಣಿನ ಖುಷ್ಕಿಯಾದರೆ ಸುಮಾರು 20 ಎಕರೆ. ಸಣ್ಣ ಹಿಡುವಳಿಗಳನ್ನು ಸೇರಿಸಿ ಒಂದೇ ನಂಬರ್ ಕೊಟ್ಟರು. ವಸೂಲಿ ಮಾಡುವವನಿಗೆ ಅನುಕೂಲ, ಉಳುವವನಿಗಲ್ಲ. ಧಾರವಾಡ, ಬೆಳಗಾವಿ ಕಡೆ ಇದೇ ಪದ್ಧತಿ ಬಂತು. 1863ರಿಂದ ಮೈಸೂರಿಗೂ ಬಂತು.

ನಂಬರ್ ಬಿದ್ದ ಮೇಲೆ ಭೂಮಿ ಅಡವಿಡೋದು, ಮಾರೋದು ಸಲೀಸಾಯಿತು. ಸಾಹುಕಾರ ಪತ್ರ ಬರೆಸಿಕೊಂಡ, ಕೋರ್ಟು ಅವನ ಕೈಗೆ ಡಿಕ್ರಿ ಕೊಟ್ಟಿತು. ಇದರ ಅಪಾಯವನ್ನು 1852ರಲ್ಲೇ ಎಚ್ಚರಿಸಿದವನು ಬೇರೆ ಯಾರೂ ಅಲ್ಲ, ಅದೇ ವಿಂಗೇಟ್. ಯಾರು ಕೇಳಿದರು? ಹತ್ತಿಯ ಬೆಲೆ ಬಿತ್ತು, 30 ವರ್ಷ ಮುಗಿದು ಕಂದಾಯ ಏರಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಎದ್ದರು. ಅವರು ಹುಡುಕಿದ್ದು ದುಡ್ಡನ್ನಲ್ಲ, ಸಾಲಪತ್ರಗಳನ್ನು. ಸಿಕ್ಕವನ್ನೆಲ್ಲ ಸುಟ್ಟರು. ನಾಲ್ಕು ವರ್ಷದ ಮೇಲೆ ಸರ್ಕಾರ ದಖ್ಖನ್ ರೈತರ ಪರಿಹಾರ ಕಾಯ್ದೆ ತಂದಿತು.

ಸರ್ವೇ ನಂಬರ್ ಮಾತ್ರ ಹಾಗೇ ಉಳಿಯಿತು. ಇವತ್ತು ತಾಲ್ಲೂಕು ಕಚೇರಿ ಮುಂದೆ ಪೋಡಿ ಅರ್ಜಿ ಹಿಡಿದು ನಿಂತಿರ್ತಾರಲ್ಲ ಅಣ್ಣತಮ್ಮಂದಿರು, ಅವರು ಕೇಳ್ತಿರೋದು ಎತ್ತಿನ ಲೆಕ್ಕದಲ್ಲಿ ಒಟ್ಟು ಮಾಡಿದ ಆ ನಂಬರನ್ನು ಒಡೆದು, ತಮ್ಮ ತಮ್ಮ ಹೆಸರಿಗೆ ಬೇರೆ ಬೇರೆ ನಕ್ಷೆ ಮಾಡಿಕೊಡಿ ಅಂತ.