ಕೆರೆಯ ಶಾಸನವೂ ಶಿಲ್ಪಿಯ ಧರ್ಮವೂ

ಲೋಕೋಪಕಾರಕ್ಕಾಗಿ ಯಂತ್ರಗಳನ್ನೂ ಕಟ್ಟೆಕಾಲುವೆಗಳನ್ನೂ ನಿರ್ಮಿಸುವವರಿಗೆ ವಿದ್ಯಾಕೌಶಲವೊಂದಿದ್ದರೆ ಸಾಕೇ, ಜನರ ವಿಷಯದಲ್ಲಿ ಬೇರೆ ಹೊಣೆಯೂ ಉಂಟೇ ಎಂಬ ಪ್ರಶ್ನೆಯು ಈಚೆಗೆ ಹುಟ್ಟಿದುದೆಂದು ಅನೇಕರು ಭಾವಿಸುವರು. ನಮ್ಮ ಪೂರ್ವಿಕರಾದರೋ ಇದನ್ನು ಆರೂವರೆ ಶತಮಾನಗಳ ಹಿಂದೆಯೇ ವಿಚಾರಮಾಡಿ ಕಲ್ಲಿನಲ್ಲಿ ಕೆತ್ತಿಸಿರುವರು.

ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಉದಯಗಿರಿಯನ್ನು ಆಳುತ್ತಿದ್ದಾಗ, ಈಗಿನ ಆಂಧ್ರಪ್ರದೇಶದ ಕಡಪ ಸೀಮೆಗೆ ಸೇರಿದ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಅದರ ಸಂಸ್ಕೃತ ಶಾಸನವು ಶಕವರ್ಷ 1291ರದು, ಎಂದರೆ ಕ್ರಿ.ಶ. 1369ರದು. ದಿನಕ್ಕೆ 1000 ಮಂದಿ ಆಳುಗಳೂ, ತೂಬು ಮತ್ತು ಕಲ್ಲುಗೋಡೆಯ ಕೆಲಸಕ್ಕೆ 100 ಬಂಡಿಗಳೂ ದುಡಿದು 2 ವರ್ಷಗಳಲ್ಲಿ ಕಾರ್ಯವು ಮುಗಿಯಿತೆಂದು ಅದರಲ್ಲಿ ಹೇಳಿದೆ.

ಆದರೆ ಶಾಸನದ ಮಹತ್ತ್ವವಿರುವುದು ಪ್ರಶಸ್ತಿಯಲ್ಲಲ್ಲ. ಒಳ್ಳೆಯ ಕೆರೆಯ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸಿರುವುದರಲ್ಲಿ. ಅಂಗಗಳಲ್ಲಿ ಮೊದಲನೆಯದು ಧರ್ಮಿಷ್ಠನಾದ ಪ್ರಭು. ಎರಡನೆಯದು ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ. ಅನಂತರ ಗಟ್ಟಿಮಣ್ಣಿನ ನೆಲ, ಸಿಹಿನೀರಿನ ನದಿ, ಗುಡ್ಡ, ಭದ್ರವಾದ ಏರಿ, ಕಲ್ಲಿನ ಗಣಿ, ಫಲವತ್ತಾದ ಸಮಭೂಮಿ ಮೊದಲಾದುವು. ಕೊನೆಗೆ ಕೆಲಸಬಲ್ಲ ಜನರ ತಂಡ. ಪಂಡಿತನೊಡನೆ ಕೈಕೆಲಸದವನಿಗೂ ಅಂಗತ್ವವನ್ನು ಕೊಟ್ಟಿರುವುದು ಗಮನಾರ್ಹ.

ದೋಷಗಳು ಇವು: ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು, ನೀರು ಅಲ್ಪವಾಗಿ ಸಾಗುವಳಿಯ ನೆಲ ವಿಸ್ತಾರವಾಗಿರುವುದು, ನೆಲ ಅಲ್ಪವಾಗಿ ನೀರು ಅತಿಯಾಗಿರುವುದು. ಇವುಗಳಲ್ಲಿ ಮೂರು ಮಣ್ಣುಕಲ್ಲುಗಳಿಗೆ ಸಂಬಂಧಿಸಿದುವು. ಮಿಕ್ಕ ಮೂರು ಜನರಿಗೆ ಸಂಬಂಧಿಸಿದುವು. ಏರಿಯು ಎಷ್ಟು ಭದ್ರವಾಗಿದ್ದರೇನು, ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದಿದ್ದರೆ ಅವನ ಪಾಲಿಗೆ ಅದು ಕೆರೆಯೇ ಅಲ್ಲ. ಗಡಿಯ ದೋಷವಂತೂ ನಮ್ಮ ಕಾವೇರಿಯ ಕಥೆಯಲ್ಲಿ ಪ್ರತ್ಯಕ್ಷವಾಗಿದೆ. ಮೈಸೂರು ಮದರಾಸುಗಳು 1892ರಲ್ಲಿಯೂ 1924ರಲ್ಲಿಯೂ ಒಡಂಬಡಿಕೆ ಮಾಡಿಕೊಂಡರೂ ವಿವಾದವು ತೀರದೆ, 1990ರಲ್ಲಿ ನ್ಯಾಯಮಂಡಳಿಯು ಏರ್ಪಟ್ಟು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ನಡೆಯಿತು.

ಕಟ್ಟಿ ಕೈತೊಳೆದುಕೊಳ್ಳುವುದೂ ಹಿಂದಿನವರ ಪದ್ಧತಿಯಾಗಿರಲಿಲ್ಲ. ಕನ್ನಡನಾಡಿನ ಶಾಸನಗಳಲ್ಲಿ ಕೆರೆಯ ಪೋಷಣೆಗಾಗಿ ಬಿತ್ತುವಟ್ಟವನ್ನು ಬಿಟ್ಟ ಸಂಗತಿಯೂ, ಕೆರೆಯನ್ನು ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಕಟ್ಟುಕೊಡಗೆಯನ್ನಿತ್ತ ಸಂಗತಿಯೂ ಮತ್ತೆ ಮತ್ತೆ ಬರುತ್ತವೆ. ಹೂಳೆತ್ತದ ಕೆರೆ ಕೆಲವು ತಲೆಗಳಲ್ಲಿಯೇ ಹೊಲವಾಗುವುದೆಂಬುದನ್ನು ಅವರು ಬಲ್ಲವರಾಗಿದ್ದರು.

ಆದರೂ ಪ್ರಾಚೀನವೆಂಬ ಮಾತ್ರಕ್ಕೆ ಎಲ್ಲವೂ ಪೂರ್ಣವೆನ್ನಲಾಗದು. ಆ ಹನ್ನೆರಡರಲ್ಲಿಯಾಗಲಿ ಆರರಲ್ಲಿಯಾಗಲಿ, ನೀರು ನಿಂತಾಗ ಮನೆಹೊಲಗಳು ಮುಳುಗುವವರ ಮಾತಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯು ಮುಳುಗಿತು. ಮಂಡ್ಯದ ಸೀಮೆಯು ಹಸುರಾಯಿತು. ಲಾಭವು ಬಹುಜನಕ್ಕೆಂಬುದು ನಿಜವೇ. ನಷ್ಟವು ಕೆಲವರದೇ ಆಗಿರುವಾಗ ಅವರ ಲೆಕ್ಕವನ್ನು ಮೊದಲು ಬರೆಯುವುದು ಶಿಲ್ಪಿಯ ಧರ್ಮವಲ್ಲವೇ? ಶಾಸ್ತ್ರಕಾರನು ಆರಕ್ಕೆ ನಿಲ್ಲಿಸಿದ ದೋಷಗಳಿಗೆ ಇದನ್ನು ಏಳನೆಯದಾಗಿ ಸೇರಿಸಿಕೊಳ್ಳುವುದು ಈ ಕಾಲದ ಇಂಜಿನಿಯರುಗಳ ಕರ್ತವ್ಯವಾಗಿದೆ.