ಜೇನು ಕೊಟ್ಟು ಹೆಣ್ಣು ತರುತ್ತಿದ್ದವರು

ಪೂರ್ವ ಆಫ್ರಿಕಾದ ವಸಾಹತು ಚರಿತ್ರೆಯ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲ ವರ್ಷ ಬರೆದ ಅಧ್ಯಾಯದಲ್ಲಿ ಒಂದು ಪಟ್ಟಿ ಇತ್ತು. ಎಡಕ್ಕೆ ಜನಾಂಗದ ಹೆಸರು, ಬಲಕ್ಕೆ ಅವರ ಭಾಷೆ. ಮಸಾಯಿ, ಸಂಬುರು, ಚಾಮುಸ್, ಅರುಷಾ, ಪರಕುಯೊ. ಈ ಐದು ಹೆಸರುಗಳ ಮುಂದೆಯೂ ‘ಮಾ’ ಎಂದು ಬರೆದೆ. ಆರನೆಯದು ಮುಕೊಗೊಡೊ. ಅದರ ಮುಂದೆಯೂ ‘ಮಾ’ ಎಂದೇ ಬರೆದೆ. ನನ್ನ ಮಾರ್ಗದರ್ಶಕರು ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ‘ಯಾವಾಗಿನಿಂದ?’ ಎಂದು ಬರೆದು ಹಿಂದಿರುಗಿಸಿದರು. ಉತ್ತರ ಹುಡುಕಲು ನನಗೆ ಬಹಳ ದಿನ ಹಿಡಿಯಿತು.

ಮಾ, ಕೆನ್ಯಾ ಮತ್ತು ತಾಂಜಾನಿಯಾದಲ್ಲಿ ಹರಡಿರುವ ನೈಲೋಟಿಕ್ ಗುಂಪಿನ ಭಾಷೆ. ಅದನ್ನು ಆಡುವವರೆಂದರೆ ನಮಗೆ ನೆನಪಾಗುವುದು ಕೆಂಪು ಹೊದಿಕೆ, ಈಟಿ, ದನದ ಹಿಂಡು. ಆದರೆ ಮೇರು ಪರ್ವತದ ಇಳಿಜಾರಿನ ಅರುಷಾ ಜನ ಬೇಸಾಯಗಾರರು. ಬರಿಂಗೊ ಸರೋವರದ ಬಳಿಯ ಚಾಮುಸ್ ಜನ ಕಾಲುವೆ ತೆಗೆದು ಬೆಳೆ ಬೆಳೆದವರು, ಮೀನು ಹಿಡಿದವರು. ಹಾಗಿದ್ದರೂ ಮಾ ಲೋಕದಲ್ಲಿ ಮರ್ಯಾದೆ ಇದ್ದದ್ದು ದನ ಇರುವವನಿಗೆ. ದನವಿಲ್ಲದೆ ಬೇಟೆಯಾಡಿ ಬದುಕುವವರನ್ನು ‘ಇಲ್ ತೊರೊಬೊ’ ಎನ್ನುತ್ತಿದ್ದರು, ಅಂದರೆ ಗತಿಯಿಲ್ಲದವರು. ಬ್ರಿಟಿಷರು ಈ ಹೀಗಳಿಕೆಯನ್ನೇ ‘ದೊರೊಬೊ’ ಎಂದು ತಿದ್ದಿ, ಒಂದು ಬುಡಕಟ್ಟಿನ ಹೆಸರೆಂಬಂತೆ ದಾಖಲೆಗೆ ಸೇರಿಸಿದರು.

ಮುಕೊಗೊಡೊ ಜನ ಹಾಗೆ ಕರೆಸಿಕೊಂಡವರು. ಕೆನ್ಯಾ ಪರ್ವತದ ಉತ್ತರಕ್ಕೆ, ಲೈಕಿಪಿಯಾ ಪ್ರಸ್ಥಭೂಮಿಯ ಅಂಚಿನ ಕಾಡು ಅವರದು. ಬಂಡೆಗಳ ಆಸರೆಯಲ್ಲಿ ವಾಸ, ಬೇಟೆ, ಜೇನು. ಅವರ ಭಾಷೆ ಯಾಕು, ಕುಶಿಟಿಕ್ ಗುಂಪಿನದು. ಮಾ ಭಾಷೆಗೂ ಅದಕ್ಕೂ ಹತ್ತಿರದ ನಂಟಿಲ್ಲ. ಮದುವೆಯಾಗಲು ಗಂಡಿನ ಕಡೆಯವರು ತೆರ ಕೊಡಬೇಕಿತ್ತು. ಆ ತೆರ ಜೇನುಗೂಡುಗಳ ರೂಪದಲ್ಲಿರುತ್ತಿತ್ತು.

ಲೈಕಿಪಿಯಾದ ಹುಲ್ಲುಗಾವಲು ಮಾತ್ರ ಮಾ ಜನರದು. 1870ರ ದಶಕದಲ್ಲಿ ಅಲ್ಲಿನ ಲೈಕಿಪಿಯಾಕ್ ಪಂಗಡ ಇತರ ಮಸಾಯಿ ಪಂಗಡಗಳೊಡನೆ ಕಾದು ಸೋತು ಚದುರಿತು. 1890ರ ದಶಕದಲ್ಲಿ ನಮ್ಮ ರೈತರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಬಂದು ದನಗಳನ್ನು ನುಂಗಿತು, ಹಿಂದೆಯೇ ಸಿಡುಬು ಬಂತು. ಜನ ಹೀಗೆ ಬಡವಾಗಿದ್ದಾಗ, 1904ರಲ್ಲಿ ಬ್ರಿಟಿಷರು ಒಪ್ಪಂದ ಮಾಡಿಸಿ ರಿಫ್ಟ್ ಕಣಿವೆಯ ಮೇವಿನ ನೆಲವನ್ನು ಬಿಳಿಯರಿಗೆಂದು ತೆರವು ಮಾಡಿಸಿದರು. ಮಸಾಯಿಗಳಿಗೆ ಲೈಕಿಪಿಯಾದಲ್ಲಿ ಒಂದು, ದಕ್ಷಿಣದಲ್ಲಿ ಒಂದು ಮೀಸಲು ಪ್ರದೇಶ. ಮಸಾಯಿ ಕುಲ ಇರುವವರೆಗೂ ಈ ಮಾತು ನಿಲ್ಲುತ್ತದೆ ಎಂದು ಬರೆದುಕೊಟ್ಟರು. ಅದು ನಿಂತದ್ದು ಏಳು ವರ್ಷ. 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಲೈಕಿಪಿಯಾವನ್ನೂ ತೆಗೆದುಕೊಂಡರು. ಮಸಾಯಿಗಳು ನ್ಯಾಯಾಲಯಕ್ಕೆ ಹೋದರು. 1913ರಲ್ಲಿ ತೀರ್ಪು ಬಂತು: ಇದು ಎರಡು ರಾಜ್ಯಗಳ ನಡುವಿನ ಒಪ್ಪಂದ, ಆದ್ದರಿಂದ ನ್ಯಾಯಾಲಯ ವಿಚಾರಿಸುವಂತಿಲ್ಲ. ನೆಲ ಕಸಿಯುವಾಗ ಪ್ರಜೆಗಳಾಗಿದ್ದವರು ನ್ಯಾಯ ಕೇಳುವಾಗ ಪರರಾಜ್ಯದವರಾದರು.

ಎಲ್ಲ ಮಾ ಜನರೂ ದಕ್ಷಿಣಕ್ಕೆ ಹೋಗಲಿಲ್ಲ. ಉಳಿದ ಕೆಲವು ಸಣ್ಣ ಪಂಗಡಗಳನ್ನು ಸರ್ಕಾರ ಮುಕೊಗೊಡೊ ಮೀಸಲು ಪ್ರದೇಶಕ್ಕೆ ತಂದು ಸೇರಿಸಿತು. ಮುಂದಿನದನ್ನು ಮಾನವಶಾಸ್ತ್ರಜ್ಞ ಲೀ ಕ್ರಾಂಕ್ ವಿವರವಾಗಿ ಬರೆದಿದ್ದಾರೆ. ಹೊಸ ನೆರೆಯವರು ಮುಕೊಗೊಡೊ ಹೆಣ್ಣುಗಳನ್ನು ಕೇಳಿಕೊಂಡು ಬಂದರು, ತೆರವಾಗಿ ಜಾನುವಾರು ಕೊಟ್ಟರು. ಒಮ್ಮೆ ಜಾನುವಾರು ಕಂಡ ಅಪ್ಪಂದಿರು ಆಮೇಲೆ ಜೇನುಗೂಡಿಗೆ ಮಗಳನ್ನು ಕೊಡಲು ಒಪ್ಪಲಿಲ್ಲ. ಕಾಡಿನ ಹುಡುಗ ಮದುವೆಯಾಗಬೇಕಾದರೆ ಈಗ ಕುರಿ, ಆಡು, ದನ ಕೂಡಿಸಬೇಕು. ಕೂಡಿಸಿದರೆ ಬಂಡೆಯ ಆಸರೆ ಬಿಟ್ಟು ಬಯಲಿಗೆ ಬರಬೇಕು. ಬಯಲಿನಲ್ಲಿ ಕೊಡುಕೊಳ್ಳುವ ಮಾತು ಮಾ. ಸುಮಾರು 1925ರಿಂದ 1936ರೊಳಗೆ ಈ ಬದಲಾವಣೆ ಬಹುಮಟ್ಟಿಗೆ ಮುಗಿದಿತ್ತು. ಆಮೇಲೆ ಹುಟ್ಟಿದ ಮಕ್ಕಳು ಮಾ ಆಡುತ್ತಲೇ ಬೆಳೆದರು.

ಯಾಕು ಭಾಷೆಯನ್ನು ಯಾರೂ ನಿಷೇಧಿಸಲಿಲ್ಲ. ಹೆಣ್ಣು ಕೇಳಲು ಹೋದ ಕಡೆ ಅದರ ಬೆಲೆ ಬಿದ್ದುಹೋಯಿತು, ಅಷ್ಟೆ. ಇಷ್ಟೆಲ್ಲ ಕಲಿತರೂ ಅವರು ಮಾ ಜನರ ಕಣ್ಣಿಗೆ ಬಹುಕಾಲ ತೊರೊಬೊಗಳಾಗಿಯೇ ಉಳಿದರು ಎಂಬುದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಈಗ ಅವರ ಮೊಮ್ಮಕ್ಕಳಲ್ಲಿ ಕೆಲವರು ತಾವು ಯಾಕು ಎಂದು ಹೇಳಿಕೊಳ್ಳುತ್ತ, ಹಿರಿಯರ ಬಾಯಲ್ಲಿ ಉಳಿದ ಪದಗಳನ್ನು ಕೂಡಿಸುತ್ತಿದ್ದಾರೆ, ಕಾಡಿನ ಹಕ್ಕು ಕೇಳುತ್ತಿದ್ದಾರೆ.

ನನ್ನ ಪಟ್ಟಿಗೆ ಈಗ ಮೂರನೆಯ ಅಂಕಣವಿದೆ: ಯಾವಾಗಿನಿಂದ. ಅದು ಮುಕೊಗೊಡೊ ಸಾಲಿಗೆ ಮಾತ್ರ ಇರುವುದಲ್ಲ. ಮಸಾಯಿಗಳೂ ಉತ್ತರದಿಂದ ಇಳಿದು ಬಂದವರು, ದಾರಿಯುದ್ದಕ್ಕೂ ಬೇರೆ ಮಾತಿನವರನ್ನು ಒಳಗೊಂಡು ಬೆಳೆದವರು. ಅವರ ಹೆಸರಿನ ಮುಂದೆಯೂ ಆ ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ.