ಅಣಸು: ತೆಳು ಮರಕ್ಕೊಂದು ಆಸರೆ

ಕಳಸ, ಹೊರನಾಡು, ಮೂಡಿಗೆರೆ ಕಡೆಯ ಹಳೆಯ ಮನೆಗಳಲ್ಲಿ ಒನಕೆಯನ್ನು ನೀವು ನೋಡಿರಬಹುದು. ಅದರ ತುದಿಗೆ ಕಬ್ಬಿಣದ ಬಳೆಯೊಂದಿರುತ್ತದೆ. ಇದಕ್ಕೆ ಅಣಸು ಎಂದು ಹೆಸರು. ಕತ್ತಿಯ ಮರದ ಹಿಡಿಯಲ್ಲೂ, ಅಲಗು ಒಳಹೊಕ್ಕುವ ಕಡೆ, ಇಂಥದೇ ಬಳೆ ಇರುತ್ತದೆ. ಬಳೆ ತುದಿಯಲ್ಲೇ ಏಕೆ? ಉತ್ತರ ಹುಡುಕಲು, ಒನಕೆಗಿಂತ ಬಹಳ ನಾಜೂಕಾದ ಇನ್ನೊಂದು ವಸ್ತುವನ್ನು ಗಮನಿಸೋಣ. ಅದು ತಂಬಾಕು ಸೇದುವ ಕೊಳವೆ, ಅಂದರೆ ಪೈಪು.

ಈ ವಸ್ತುವಿನ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಷಾ ಆಳುತ್ತಿದ್ದ ಬಿಜಾಪುರಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್, ಸುಮಾರು 1604ರಲ್ಲಿ ಇಲ್ಲಿ ತಂಬಾಕನ್ನು ಕಂಡು ಮೊಗಲ್ ಆಸ್ಥಾನಕ್ಕೆ ಒಯ್ದ. ಜೊತೆಗೊಂದು ಕೊಳವೆಯನ್ನೂ ಸಿದ್ಧಪಡಿಸಿದ. ಅದು ಮೂರು ಮೊಳ ಉದ್ದವಿತ್ತು, ಚೆನ್ನಾಗಿ ಒಣಗಿತ್ತು, ಅದರ ಎರಡೂ ತುದಿಗಳಿಗೆ ರತ್ನ ಮತ್ತು ಮೀನಾಕಾರಿಯ ಅಲಂಕಾರವಿತ್ತು, ಬಾಯಿಗಿಡುವ ಭಾಗ ಕೆಂಪು ಅಕೀಕು ಕಲ್ಲಿನದು ಎಂದು ಆತನೇ ಬರೆದಿದ್ದಾನೆ. ಒಣಗಿದ ಕೊಳವೆ, ಹೊದಿಕೆಯಿರುವ ತುದಿಗಳು: ಈ ಎರಡು ವಿವರಗಳನ್ನು ನೆನಪಿಡಿ.

ಮರದ ನಾರುಗಳು ಕಾಂಡದ ಉದ್ದಕ್ಕೆ ಸಾಗುತ್ತವೆ. ಆ ದಿಕ್ಕಿನಲ್ಲಿ ಎಳೆದರೆ ಮರ ಬಲು ಗಟ್ಟಿ. ಅಡ್ಡಲಾಗಿ ಎಳೆದರೆ ಅದರ ಬಲ ಹಲವು ಮರಗಳಲ್ಲಿ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಹಸಿ ಮರ ಪೂರ್ತಿ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಶೇಕಡಾ 0.1ರಿಂದ 0.2 ಮಾತ್ರ, ಬೆಳವಣಿಗೆಯ ಉಂಗುರಗಳ ಗುಂಟ ಶೇಕಡಾ 6ರಿಂದ 10ರಷ್ಟು ಕುಗ್ಗಬಹುದು. ತುದಿಯಲ್ಲಿ ನಾರುಗಳ ಬಾಯಿ ತೆರೆದಿರುವುದರಿಂದ ತೇವ ಅಲ್ಲಿಂದಲೇ ಬೇಗ ಹೋಗುತ್ತದೆ, ಬೇಗ ಬರುತ್ತದೆ. ಆದ್ದರಿಂದ ಸೀಳು ಸಾಮಾನ್ಯವಾಗಿ ಆರಂಭವಾಗುವುದು ಅಲ್ಲೇ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಲೆನಾಡಿನ ಬಾಗಿಲುಗಳನ್ನು ಕಂಡವರಿಗೆ ಇದು ಹೊಸದಲ್ಲ.

ಪೈಪಿನ ಅತಿ ದುರ್ಬಲ ಭಾಗ ಅದರ ಕತ್ತು. ಬಾಯಿಕೊಳವೆಯ ಸಣ್ಣ ತುದಿ ಕತ್ತಿನ ರಂಧ್ರದೊಳಗೆ ಬಿಗಿಯಾಗಿ ಕೂರುತ್ತದೆ. ಸುತ್ತಲಿನ ಮರದ ದಪ್ಪ ಕೆಲವೇ ಮಿಲಿಮೀಟರು. ಒಳಗಿನ ಒತ್ತಡ ಗೋಡೆಯನ್ನು ಹೊರಕ್ಕೆ, ಅಂದರೆ ನಾರಿಗೆ ಅಡ್ಡಲಾಗಿ, ಎಳೆಯುತ್ತದೆ. ಹೊಗೆಯ ತೇವವೂ ಸೇರಿದರೆ ಸೀಳು ಖಚಿತ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಪೈಪು ತಯಾರಿಕೆಗೆ ಹೆಸರಾದ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದ ಕುಶಲಕರ್ಮಿಗಳು ಬ್ರಯರ್ ಎಂಬ ಪೊದೆಯ ಬೇರುಗಂಟನ್ನು ಬಳಸಿದರು. ಅದರ ನಾರುಗಳು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುವುದು ವಾಡಿಕೆ. ಕೈಕೆಲಸದಲ್ಲಿ, ಮರ ದಪ್ಪವಾಗಿರುವಾಗಲೇ ರಂಧ್ರ ಕೊರೆದು ಆಮೇಲೆ ಹೊರಮೈ ಕೆತ್ತುತ್ತಾರೆ. ಕೊನೆಗೆ ಕತ್ತಿಗೆ ಬೆಳ್ಳಿಯ ಬಳೆ ತೊಡಿಸುತ್ತಾರೆ. ಮರ ತಡೆಯಲಾರದ ಅಡ್ಡ ಎಳೆತವನ್ನು ಲೋಹ ಹೊರುತ್ತದೆ. ನೋಡುವವರಿಗೆ ಅದು ಒಡವೆ, ಮಾಡುವವರಿಗೆ ಅಣಸು!

ಎತ್ತಿನ ಗಾಡಿಯ ಚಕ್ರದ್ದೂ ಇದೇ ತತ್ತ್ವ. ಕಬ್ಬಿಣದ ವ್ಯಾಕೋಚನ ಗುಣಾಂಕ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಲಕ್ಷದಲ್ಲಿ 12 ಭಾಗ. 1 ಮೀಟರ್ ವ್ಯಾಸದ ಪಟ್ಟಿಯನ್ನು 500 ಡಿಗ್ರಿಯಷ್ಟು ಬಿಸಿ ಮಾಡಿದರೆ ವ್ಯಾಸ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಕುಗ್ಗಿ ಬಿಗಿಯುತ್ತದೆ. ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಎರಡು ಒಣ ಬಿದಿರ ತುಂಡುಗಳನ್ನು ತೆಗೆದುಕೊಳ್ಳಿ. ಒಂದರ ತುದಿಗೆ ತಂತಿಯನ್ನು ಬಿಗಿಯಾಗಿ ಸುತ್ತಿ. ಎರಡರ ಬಾಯಿಗೂ ಓರೆಯಾದ ಮರದ ಬೆಣೆ ಹೊಡೆದು, ಯಾವುದು ಮೊದಲು ಸೀಳುತ್ತದೆ ನೋಡಿ.

ಇನ್ನು, ಅಸದ್ ಬೇಗನ ಕೊಳವೆ ಏನಾಯಿತು? ಅಕ್ಬರ್ ಕುತೂಹಲಕ್ಕೆ ಸೇದಿ ನೋಡಿದಾಗ ಆಸ್ಥಾನ ವೈದ್ಯ ತಡೆದ. ಗುಣ ಗೊತ್ತಿಲ್ಲದ ವಸ್ತು ಬೇಡವೆಂದ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಆದರೂ ಚಟ ಹರಡಿತು. ಆ ವೈದ್ಯನ ಅನುಮಾನ ಸರಿಯೆಂದು ಇಂದು ನಮಗೆ ತಿಳಿದಿದೆ. ಹೊಗೆ ಹೋಗಿ ಸೇರುವ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಗಾಳಿ ಮತ್ತು ರಕ್ತದ ನಡುವಿನ ಪೊರೆ ಒಂದು ಮೈಕ್ರೋಮೀಟರಿಗಿಂತ ತೆಳು. ಮರದ ಕತ್ತು ಸೀಳದಂತೆ ಅಷ್ಟೊಂದು ಎಚ್ಚರ ವಹಿಸಿದ ಮನುಷ್ಯ ಈ ಗೋಡೆಯನ್ನು ಮರೆತ. ಇದಕ್ಕೆ ತೊಡಿಸಲು ಯಾವ ಅಣಸೂ ಇಲ್ಲ.